ಸುಣ್ಣದ ಬೆರಳು

ವೇದಾವತಿ ನದಿಯ ದಂಡೆಯ ಮೇಲೊಂದು ಸಣ್ಣ ಆಶ್ರಮ. ಅಲ್ಲಿ ಕೊಟ್ರೇಶನೆಂಬ ಶಿಷ್ಯನಿದ್ದ; ಹಳ್ಳಿಯವರ ಬಾಯಲ್ಲಿ ‘ಮರಿದೇವ್ರು’. ಬೇರೆ ಎಲ್ಲಕ್ಕಿಂತ ಮೊದಲು ಅವನ ಕಣ್ಣಿಗೆ ಕಲೆ ಕಾಣುತ್ತಿತ್ತು.

ಊಟಕ್ಕೆ ಕೂತರೆ ತಟ್ಟೆಯ ಅಂಚು ನೋಡುತ್ತಿದ್ದ. ಪ್ರಾರ್ಥನೆಗೆ ಕೂತರೆ ಪಕ್ಕದವರ ಪಂಚೆಯ ಮಡಿಕೆ ನೋಡುತ್ತಿದ್ದ. ತಪ್ಪು ಕಂಡರೆ ಹೇಳದೆ ಬಿಡುತ್ತಿರಲಿಲ್ಲ. ಹೇಳಿದ್ದು ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತಿತ್ತು. ತೊಂದರೆ ಇದ್ದದ್ದೇ ಅಲ್ಲಿ.

ಗುರುಗಳನ್ನು ಎಲ್ಲರೂ ‘ಬುದ್ಧಿ’ ಎಂದು ಕರೆಯುತ್ತಿದ್ದರು. ದೀಕ್ಷೆಗೆ ಮೊದಲು ಅವರು ಬಸ್ಸುಗಳಿಗೆ ಬಾಡಿ ಕಟ್ಟುವ ಶೆಡ್ಡಿನಲ್ಲಿ ಕೆಲಸಕ್ಕಿದ್ದವರು. ಅದನ್ನು ಅವರು ಮುಚ್ಚಿಡುತ್ತಲೂ ಇರಲಿಲ್ಲ, ಹೇಳಿಕೊಂಡು ತಿರುಗುತ್ತಲೂ ಇರಲಿಲ್ಲ.

ಆಶ್ರಮಕ್ಕೊಂದು ಹಳೆಯ ವ್ಯಾನು. ಮಂಗಳವಾರ, ಶುಕ್ರವಾರ ಅದು ಸುತ್ತಲ ಹಳ್ಳಿಗಳ ಡಯಾಲಿಸಿಸ್ ರೋಗಿಗಳನ್ನು ಪೇಟೆಯ ಆಸ್ಪತ್ರೆಗೆ ಕರೆದೊಯ್ದು ಸಂಜೆ ಕರೆತರುತ್ತಿತ್ತು. ಓಡಿಸುವವನು ಓಬಯ್ಯ. ಕೊಟ್ರೇಶನಿಗಿಂತ ಬಹಳ ಹಿರಿಯ, ಮಾತು ಕಡಿಮೆ. ವ್ಯಾನಿನ ಉಸ್ತುವಾರಿ ಮಾತ್ರ ಕೊಟ್ರೇಶನದು.

ಒಂದು ಮಂಗಳವಾರ ಕೊಟ್ರೇಶ ಆಶ್ರಮದ ಕಬ್ಬಿಣದ ಗೇಟಿಗೆ ಬಣ್ಣ ಹಚ್ಚುತ್ತಿದ್ದ. ಒಂದು ಬಾಗಿಲು ಮುಗಿದು ಹಸಿರಾಗಿ ಹೊಳೆಯುತ್ತಿತ್ತು. ಇನ್ನೊಂದರ ಜಿಡ್ಡು, ಹಳೇ ಬಣ್ಣ ತೆಗೆಯಲು ಥಿನ್ನರ್ ಡಬ್ಬಿ ಬಿಚ್ಚಿದ್ದ. ಅಷ್ಟರಲ್ಲಿ ವ್ಯಾನು ಬಂತು.

ರೋಗಿಗಳು ಒಬ್ಬೊಬ್ಬರಾಗಿ ಇಳಿಯತೊಡಗಿದರು. ಮುಂದಿನ ಸೀಟಿನಲ್ಲಿದ್ದ ಹನುಮಕ್ಕನಿಗೆ ಕೈಯಾಸರೆ ಕೊಡಲು ಕೊಟ್ರೇಶ ಬಾಗಿಲು ತೆಗೆದ. ಮುದುಕಿಯ ಕೈ ಹಿಡಿಯುವ ಮೊದಲೇ ಅವನ ಕಣ್ಣು ಡ್ಯಾಶ್‌ಬೋರ್ಡಿಗೆ ಹೋಯಿತು.

ಸ್ಟೇರಿಂಗಿನ ಪಕ್ಕದಲ್ಲಿ, ಕಪ್ಪು ಪ್ಲಾಸ್ಟಿಕ್ಕಿನ ಮೇಲೆ, ಎರಡು ಬಿಳಿ ಗೆರೆ. ಎಲೆಗೆ ಸುಣ್ಣ ಹಚ್ಚಿದವರು ಉಳಿದದ್ದನ್ನು ಕಂಬಕ್ಕೆ ಒರೆಸುತ್ತಾರಲ್ಲ, ಹಾಗೆ. ಒಂದು ದಪ್ಪಗೆ, ಒಂದು ತೆಳ್ಳಗೆ.

"ಓಬಯ್ಯನವರೇ, ಇದೇನಿದು?"

ಓಬಯ್ಯ ನೋಡಿದ. "ಸುಣ್ಣ."

"ಸುಣ್ಣ ಅಂತ ನನಗೂ ಗೊತ್ತು. ಯಾರು ಬಳಿದದ್ದು?"

"ನಾನೇ."

ಅವನು ಅಷ್ಟು ಸಲೀಸಾಗಿ ಒಪ್ಪಿಕೊಂಡದ್ದು ಕೊಟ್ರೇಶನನ್ನು ಇನ್ನಷ್ಟು ಕೆರಳಿಸಿತು.

"ಇದು ಆಶ್ರಮದ ಗಾಡಿ. ನಿಮ್ಮ ಹಟ್ಟಿಯ ಪಡಸಾಲೆ ಕಂಬ ಅಲ್ಲ."

"ಅಲ್ಲ, ಮರಿದೇವ್ರೇ..." ಎಂದು ಹನುಮಕ್ಕ ಬಾಯಿ ತೆಗೆದಳು.

ಕೊಟ್ರೇಶ ಅವಳ ಮುಂದೆ ಅಂಗೈ ಅಡ್ಡ ಹಿಡಿದ. "ಅಮ್ಮಾ, ನೀವು ಸುಮ್ಮನಿರಿ." ಮತ್ತೆ ಓಬಯ್ಯನ ಕಡೆ ತಿರುಗಿದ. "ದೇವರ ಕೆಲಸ ಮಾಡೋ ಗಾಡಿಯಲ್ಲಿ ಎಲೆ ಅಡಿಕೆ ಜಗಿಯೋ ಚಟ! ಬಾಯಿ ಶುದ್ಧ ಇಲ್ಲದವನು ಈ ಸ್ಟೇರಿಂಗ್ ಮುಟ್ಟಬಾರದು. ನಿನಗೆ ಇಷ್ಟೂ ತಿಳಿಯಲ್ಲವೇ?"

ಅಪ್ಪನ ವಯಸ್ಸಿನವನಿಗೆ ‘ನಿನಗೆ’ ಎಂದದ್ದು ಎಲ್ಲರಿಗೂ ಕೇಳಿಸಿತು. ಇಳಿಯುತ್ತಿದ್ದವರು ಇಳಿದಲ್ಲೇ ನಿಂತರು.

ಓಬಯ್ಯ ತನ್ನ ಕಡೆಯಿಂದ ಇಳಿದು ಬಂದ. ಹನುಮಕ್ಕನನ್ನು ಇಳಿಸಿ ಕಟ್ಟೆಯ ಮೇಲೆ ಕೂರಿಸಿದ. ಬೀಗದಕೈಯನ್ನು ಅವಳ ಪಕ್ಕದಲ್ಲಿಟ್ಟ. ಹೆಗಲ ಟವೆಲು ಕೊಡವಿಕೊಂಡು, ಅರ್ಧ ಬಣ್ಣದ ಗೇಟು ದಾಟಿ ಹೊರಟುಹೋದ.

ಕೊಟ್ರೇಶ ಥಿನ್ನರ್ ಡಬ್ಬಿ ತಂದ. ಬಟ್ಟೆ ನೆನೆಸಿ ದಪ್ಪ ಗೆರೆಯ ಮೇಲೆ ಒತ್ತಿ ಉಜ್ಜಿದ.

ಸುಣ್ಣ ಒಂದೇ ಏಟಿಗೆ ಹೋಯಿತು. ಅದರ ಹಿಂದೆ ಕಪ್ಪೂ ಹೋಗತೊಡಗಿತು. ಪ್ಲಾಸ್ಟಿಕ್ಕು ಬೂದಿ ಬಣ್ಣಕ್ಕೆ ತಿರುಗಿ, ಮೆತ್ತಗಾಗಿ, ಬಿಸಿಲಿಗಿಟ್ಟ ಬೆಲ್ಲದ ಹಾಗೆ ಅಂಟಂಟಾಯಿತು. ಬಟ್ಟೆಯ ನೂಲು ಅದರಲ್ಲಿ ಸಿಕ್ಕಿಕೊಂಡಿತು. ನೂಲು ಕೀಳಲು ಹೋದರೆ ಅವನ ಬೆರಳಿನ ಗುರುತು ಮೂಡಿತು. ಗುರುತು ಅಳಿಸಲು ಮತ್ತೆ ಉಜ್ಜಿದ.

"ಕಲೆ ಹೋಯಿತೇ?"

ಹಿಂದೆ ಬುದ್ಧಿ ನಿಂತಿದ್ದರು. ಕೈಯಲ್ಲಿ ಸಂಜೆಯ ಮಜ್ಜಿಗೆ ಲೋಟ.

"ಹೋಯಿತು ಬುದ್ಧಿ."

"ಜೊತೆಗೆ ಏನೇನು ಹೋಯಿತು?"

ಕೊಟ್ರೇಶ ಪಕ್ಕಕ್ಕೆ ಸರಿದ.

ಬುದ್ಧಿ ಬಗ್ಗಿ ನೋಡಿದರು. ಉಳಿದಿದ್ದ ತೆಳ್ಳನೆಯ ಗೆರೆ ಅವರಿಗೆ ಕಂಡಿತು. ಹೆಗಲ ಬಟ್ಟೆಯ ತುದಿಯನ್ನು ಲೋಟದಲ್ಲಿ ಅದ್ದಿದರು. ಗೆರೆಯ ಮೇಲಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಹಿಡಿದರು. ಆಮೇಲೆ ಒರೆಸಿದರು.

ಸುಣ್ಣ ಇರಲಿಲ್ಲ. ಪ್ಲಾಸ್ಟಿಕ್ಕಿನ ಮೇಲಿನ ಸಣ್ಣ ಸಣ್ಣ ಸುಕ್ಕು, ಚರ್ಮದ ಮೇಲಿನ ಹಾಗೆ, ಒಂದೊಂದೂ ಸರಿಯಾಗಿತ್ತು.

"ಹುಳಿ ಮಜ್ಜಿಗೆ ಸಾಕಾಗಿತ್ತು," ಎಂದರು. ಉಳಿದ ಮಜ್ಜಿಗೆ ಕುಡಿದರು.

"ನನಗೆ ತಿಳಿಯಲಿಲ್ಲ ಬುದ್ಧಿ. ಗೇಟಿಗೆ ಅಂತ ತಂದಿದ್ದೆ, ಕೈಗೆ ಸಿಕ್ಕಿತು."

"ಕಬ್ಬಿಣಕ್ಕೆ ತಂದದ್ದನ್ನು ಇದಕ್ಕೆ ಹಾಕಿದೆ."

"ಹೊಸದು ಹಾಕಿಸುತ್ತೇನೆ."

"ಈ ಮಾದರಿಯ ವ್ಯಾನು ತಯಾರಾಗುವುದು ನಿಂತು ಎಷ್ಟು ಕಾಲವಾಯಿತು! ಎಲ್ಲಿಂದ ತರುತ್ತೀಯ? ಓಬಯ್ಯನ ಜಾಗಕ್ಕೂ ಒಬ್ಬ ಹೊಸಬನನ್ನು ತರುತ್ತೀಯೇನು?"

ಅಂದರೆ ಬುದ್ಧಿಗೆ ಎಲ್ಲವೂ ಕೇಳಿಸಿತ್ತು.

"ನೀನು ಅಟ್ಟಿದವನು, ನೀನೇ ಕರೆದುಕೊಂಡು ಬರಬೇಕು. ಅಲ್ಲಿಯ ತನಕ ವ್ಯಾನು ನೀನೇ ಓಡಿಸು. ಬೆಳಗಿನ ಪ್ರಾರ್ಥನೆಗೆ ಬಾ, ಹೇಳಿಸಬೇಡ. ಹಿಂದೆ ಕೂತು ಹೇಳಿಕೋ."

ಪ್ರಾರ್ಥನೆ ಹೇಳಿಸುವುದು ಆಶ್ರಮದಲ್ಲಿ ಕೊಟ್ರೇಶನಿಗೆ ಇದ್ದ ಒಂದೇ ಹೆಮ್ಮೆ.

"ಈಗಲೇ ಹೋಗಿ ಕ್ಷಮೆ ಕೇಳುತ್ತೇನೆ ಬುದ್ಧಿ. ಬಂದು ಇದನ್ನೂ ಉಜ್ಜಿ ಸರಿ ಮಾಡುತ್ತೇನೆ."

"ಎರಡನ್ನೂ ಮುಟ್ಟಬೇಡ."

"ಯಾಕೆ?"

"ಎರಡೂ ಇನ್ನೂ ಮೆತ್ತಗಿವೆ. ಈಗ ಏನು ಮಾಡಿದರೂ ನಿನ್ನ ಬೆರಳೇ ಮೂಡುತ್ತದೆ. ಕಿಟಕಿ ತೆರೆದಿಡು, ನೆರಳಲ್ಲಿ ನಿಲ್ಲಿಸು. ಹಾಕಿದ್ದು ಆರಿಹೋಗಬೇಕು. ಅದು ತಾನಾಗಿ ಗಟ್ಟಿಯಾಗಬೇಕು."

ಹೇಳಿದ್ದನ್ನು ಕೇಳುವುದು ಕೊಟ್ರೇಶನಿಗೆ ಗೊತ್ತಿತ್ತು. ಕಾಯುವುದು ಗೊತ್ತಿರಲಿಲ್ಲ.

ಮರುದಿನ ಮಧ್ಯಾಹ್ನ ವ್ಯಾನಿನ ಹತ್ತಿರ ಹೋದ. ಒಣಗಿದ ಹಾಗೆ ಕಂಡಿತು. ನೋಡೋಣವೆಂದು ಹೆಬ್ಬೆರಳಿಟ್ಟು ಒತ್ತಿದ. ನದಿ ದಾಟಿದರೆ ಓಬಯ್ಯನ ಹಟ್ಟಿ. ಬಾಳೆಹಣ್ಣಿನ ಚಿಪ್ಪು ಹಿಡಿದು ಅಲ್ಲಿಗೂ ಹೋದ.

ಓಬಯ್ಯ ಅಂಗಳದಲ್ಲಿ ಕೂತು ಶೇಂಗಾ ಬಿಡಿಸುತ್ತಿದ್ದ. ಕೂತುಕೊಳ್ಳಿ ಎನ್ನಲಿಲ್ಲ.

"ಓಬಯ್ಯನವರೇ, ನಾನು ಹಾಗೆ ಮಾತಾಡಬಾರದಿತ್ತು."

"ಹ್ಞೂಂ."

"ಕ್ಷಮಿಸಿ."

"ಆಯ್ತು."

ಅಷ್ಟಕ್ಕೇ ನಿಲ್ಲಿಸಿದ್ದರೆ ಏನಾಗುತ್ತಿತ್ತೋ. ಕೊಟ್ರೇಶ ನಿಲ್ಲಿಸಲಿಲ್ಲ.

"ಆದರೆ ನೋಡಿ, ಆಶ್ರಮದ ಗಾಡಿ ಅಂದ ಮೇಲೆ ಒಂದು ಶಿಸ್ತು ಬೇಕಲ್ಲವೇ? ನೀವು ಹಿರಿಯರು, ನೀವೇ ಯೋಚನೆ ಮಾಡಿ. ಎಲೆ ಅಡಿಕೆ ಬಿಡುತ್ತೀರಿ ಅನ್ನುವುದಾದರೆ ನಾನೇ ಬುದ್ಧಿಯವರ ಹತ್ತಿರ ನಿಮ್ಮ ಪರವಾಗಿ..."

ಓಬಯ್ಯ ತಲೆ ಎತ್ತಿದ. "ಕೈಯಲ್ಲಿ ಏನದು?"

"ಬಾಳೆಹಣ್ಣು. ನಿಮಗೇ ತಂದದ್ದು."

"ಅಗೋ, ಬೇಲಿ ಹತ್ರ ಮೇಕೆ ಕಟ್ಟಿದೀನಿ. ಅದಕ್ಕೆ ಹಾಕಿ ಹೋಗ್ರಿ."

ಕೊಟ್ರೇಶ ಮರಳಿ ಬಂದಾಗ ಬುದ್ಧಿ ವ್ಯಾನಿನ ಬಾಗಿಲು ತೆರೆದು ನಿಂತಿದ್ದರು. ಡ್ಯಾಶ್‌ಬೋರ್ಡಿನ ಬೂದು ಜಾಗದ ನಡುವೆ ಹೊಸದೊಂದು ಹೆಬ್ಬೆಟ್ಟಿನ ಕುಳಿ ಬಿದ್ದಿತ್ತು.

"ಇದು ಇವತ್ತಿನದು," ಎಂದರು ಬುದ್ಧಿ. "ಆಚೆ ದಡದಲ್ಲಿ ಎಷ್ಟು ಆಳ ಬಿತ್ತು?"

ಕೊಟ್ರೇಶ ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡ.

ಶುಕ್ರವಾರ ಬಂತು. ಕೊಟ್ರೇಶ ವ್ಯಾನು ಹತ್ತಿದ. ಹತ್ತಿದವರೆಲ್ಲ ಮೊದಲು ಸ್ಟೇರಿಂಗಿನ ಕಡೆ ನೋಡಿದರು, ಆಮೇಲೆ ಮಾತಿಲ್ಲದೆ ಕೂತರು. ಹನುಮಕ್ಕ ಮಾತ್ರ ತನ್ನ ಮಾಮೂಲಿ ಮುಂದಿನ ಸೀಟಿನಲ್ಲಿ ಕೂತು, ಪೇಟೆಗೆ ಇನ್ನೂ ಅರ್ಧ ದಾರಿ ಇರುವಾಗ ಬಾಯಿ ಬಿಟ್ಟಳು.

"ಮರಿದೇವ್ರೇ, ರಸ್ತೆ ಗುಂಡಿ ಒಂದನ್ನೂ ಬಿಡದೆ ಮುಟ್ಟಿ ಬರ್ತಿದೀರಲ್ಲ, ಹರಕೆ ಏನಾದ್ರೂ ಇದೆಯಾ?"

ಹಿಂದಿನ ಸೀಟಿನಲ್ಲಿ ಯಾರೋ ಕಿಸಕ್ಕೆಂದರು.

"ಕಾಣುವುದಿಲ್ಲ ಅಮ್ಮಾ, ಹತ್ತಿರ ಬಂದ ಮೇಲೆ ಕಾಣುತ್ತದೆ."

"ಓಬಣ್ಣ ಗುಂಡಿ ಬರೋ ಮುಂಚೇನೇ ‘ಅಕ್ಕಾ, ಹಿಡ್ಕೋ’ ಅಂತಿದ್ದ. ದಿನಾ ಅದೇ ಗುಂಡಿ, ದಿನಾ ಅದೇ ಮಾತು."

ಕೊಟ್ರೇಶ ವೇಗ ಇಳಿಸಿದ.

ಸಂಜೆ ಮರಳುವಾಗ ಹನುಮಕ್ಕ ತಮಾಷೆ ಮಾಡುವ ಸ್ಥಿತಿಯಲ್ಲಿರಲಿಲ್ಲ. ಸೂಜಿ ಹಾಕಿದ ಕೈಗೆ ಪಟ್ಟಿ ಸುತ್ತಿದ್ದರು. ತುಟಿ ಒಣಗಿ ಬಿರಿದಿತ್ತು.

"ನೀರು ಕೊಡಲೇ ಅಮ್ಮಾ?"

"ಬ್ಯಾಡ. ದಿನಕ್ಕೆ ಇಷ್ಟೇ ಅಂತ ಡಾಕ್ಟ್ರು ಅಳೆದು ಕೊಟ್ಟವ್ರೆ. ಇವತ್ತಿಂದು ಆಗಲೇ ಮುಗೀತು. ನಾಲಿಗೆ ಹಳೇ ಚಪ್ಪಲಿ ಆದಂಗೆ ಆಗೈತೆ." ಅವಳು ಎದುರಿನ ಖಾನೆ ತೋರಿಸಿದಳು. "ಅದರೊಳಗೆ ನೋಡಿ. ಎಲೆ ಇರಬೇಕು."

ಖಾನೆ ತೆರೆದರೆ ಒದ್ದೆ ಬಟ್ಟೆಯಲ್ಲಿ ಸುತ್ತಿದ್ದ ವೀಳ್ಯದೆಲೆ ಬಾಡಿಹೋಗಿತ್ತು. ಪಕ್ಕದಲ್ಲೊಂದು ಹಿತ್ತಾಳೆಯ ಸುಣ್ಣದ ಡಬ್ಬಿ.

"ಇದು ಓಬಯ್ಯನವರದಲ್ಲವೇ?"

"ತರೋನು ಅವನೇ. ತಿನ್ನೋರು ನಾವು." ಹನುಮಕ್ಕ ಉಸಿರು ತೆಗೆದುಕೊಂಡಳು. "ಆಸ್ಪತ್ರೆಯಿಂದ ಹೊರಟ್ರೆ ನಮಗೆ ಎಲ್ಲರಿಗೂ ಒಂದೊಂದು ಮಡಿಸಿ ಕೊಡ್ತಿದ್ದ. ಅಡಿಕೆ ಇಲ್ಲ. ಬರೀ ಎಲೆ, ಸುಣ್ಣ ಸೋಕಿಸಿದಂಗೆ. ಬಾಯಲ್ಲಿ ನೀರೂರುತ್ತೆ, ಊರು ಬರೋಗಂಟ ತಡೆಯುತ್ತೆ. ನಮ್ಮ ಕೈಯಲ್ಲಿ ಮಡಿಸಕ್ಕೆ ಎಲ್ಲಿ ಆಗುತ್ತೆ?"

ಕೊಟ್ರೇಶ ವ್ಯಾನನ್ನು ಹುಣಸೆಮರದ ಕೆಳಗೆ ನಿಲ್ಲಿಸಿದ.

"ಅವರೂ ಒಂದು ಹಾಕಿಕೊಳ್ಳುತ್ತಿದ್ದರಲ್ಲವೇ?"

"ಯಾರು, ಓಬಣ್ಣನಾ? ಅವನೆಲ್ಲಿ ಹಾಕ್ತಾನೆ! ಮರಿದೇವ್ರೇ, ಒಂದಿನನಾದ್ರೂ ಅವನ ಹಲ್ಲು ನೋಡಿದೀರಾ?"

ಕೊಟ್ರೇಶ ನೆನಪಿಸಿಕೊಳ್ಳಲು ನೋಡಿದ. ಓಬಯ್ಯನ ಚಪ್ಪಲಿಯ ಕೆಸರು ನೆನಪಾಯಿತು. ಅಂಗಿಯ ಗುಂಡಿ ಒಂದು ಇಲ್ಲದಿದ್ದದ್ದು ನೆನಪಾಯಿತು. ಹಲ್ಲು ನೆನಪಾಗಲಿಲ್ಲ. ಬೆಳ್ಳಗಿತ್ತೋ ಕೆಂಪಗಿತ್ತೋ, ಅವನು ನೋಡಿರಲೇ ಇಲ್ಲ.

"ಆವತ್ತೇ ಯಾಕೆ ಹೇಳಲಿಲ್ಲ ಅಮ್ಮಾ?"

"ಹೇಳಕ್ಕೇ ಅಂತ ಬಾಯಿ ತೆಗೆದೆ. ನೀವು ಕೈ ಅಡ್ಡ ಹಿಡಿದ್ರಿ."

ಕೊಟ್ರೇಶ ಎಲೆಗಳಲ್ಲಿ ಸ್ವಲ್ಪ ಚೆನ್ನಾಗಿದ್ದುದನ್ನು ಆರಿಸಿದ. ತೊಟ್ಟು ಮುರಿದ, ಒರೆಸಿದ. ಡಬ್ಬಿಗೆ ಬೆರಳದ್ದಿ ಸುಣ್ಣ ಹಚ್ಚಿದ, ಮಡಿಸಿದ, ಎರಡೂ ಕೈಯಲ್ಲಿ ಕೊಟ್ಟ.

ಹನುಮಕ್ಕ ಬಾಯಿಗಿಟ್ಟಳು. ಮರುಕ್ಷಣವೇ ಕಿಟಕಿಯಿಂದಾಚೆ ಉಗಿದಳು.

"ಅಯ್ಯಯ್ಯೋ! ಇಷ್ಟು ಸುಣ್ಣ ಬಳಿಯಕ್ಕೆ ನನ್ನ ಬಾಯೇನು ಗೋಡೆನಾ?"

ಹಿಂದಿದ್ದವರು ಈ ಸಲ ತಡೆಯದೆ ನಕ್ಕರು. ನಗುವಿನ ನಡುವೆ ಕೊಟ್ರೇಶನ ಬೆರಳಿನಲ್ಲಿ ಸುಣ್ಣ ಉಳಿದಿತ್ತು. ಒರೆಸಲು ಜಾಗ ಬೇಕಿತ್ತು. ಅವನ ಕೈ, ಅವನನ್ನು ಕೇಳದೆ, ಡ್ಯಾಶ್‌ಬೋರ್ಡಿನ ಮೂಲೆಯ ಕಡೆ ಹೊರಟಿತು.

ಬೂದು ಕಲೆಯ ಹತ್ತಿರ ಹೋಗಿ ನಿಂತಿತು.

ಕೊಟ್ರೇಶ ಆ ಬೆರಳನ್ನು ಬಹಳ ಹೊತ್ತು ನೋಡಿದ. ಆಮೇಲೆ ತನ್ನ ಬಿಳಿ ಪಂಚೆಯ ಅಂಚಿಗೆ ಒರೆಸಿಕೊಂಡ.

ಆಶ್ರಮ ಮುಟ್ಟಿದಾಗ ಬುದ್ಧಿ ನದಿಯ ಮೆಟ್ಟಿಲ ಮೇಲೆ ಕೂತಿದ್ದರು. ಕೊಟ್ರೇಶ ಎದುರಿಗೆ ಬಂದು ನಿಂತ. ಅವರ ಕಣ್ಣು ಅವನ ಪಂಚೆಯ ಅಂಚಿಗೆ ಹೋಯಿತು.

"ಕಲೆಯಾಗಿದೆಯಲ್ಲ."

"ಹೌದು ಬುದ್ಧಿ. ಸುಣ್ಣ." "ಎಲೆ ಯಾರಿಗೆ ಅಂತ ನಿಮಗೆ ಮೊದಲೇ ಗೊತ್ತಿತ್ತೇ?"

"ಗೊತ್ತಿತ್ತು."

"ಹೇಳಲಿಲ್ಲವಲ್ಲ."

"ನೀನು ಕೇಳಿದ್ದರೆ ಓಬಯ್ಯನೇ ಹೇಳುತ್ತಿದ್ದ. ಯಾರು ಬಳಿದದ್ದು ಅಂತ ಕೇಳಿದೆ. ಯಾಕೆ ಅಂತ ಕೇಳಲಿಲ್ಲ."

ಕೊಟ್ರೇಶ ಅಲ್ಲೇ ಮೆಟ್ಟಿಲ ಮೇಲೆ ಕೂತ.

"ಆ ಮಾತನ್ನು ನಾನು ವಾಪಸ್ ತೆಗೆದುಕೊಳ್ಳಲಾರೆ ಬುದ್ಧಿ. ಇನ್ನು ಅವರು ಬರುವುದಿಲ್ಲ."

"ವ್ಯಾನಿನ ಹತ್ತಿರ ಹೋಗಿ ಉಗುರಿನಿಂದ ಒತ್ತಿ ನೋಡು. ಎದುರಿಗಲ್ಲ, ಕಲೆಯ ಕೆಳಗಡೆ, ಕಾಣದ ಅಂಚಿನಲ್ಲಿ."

ಹೋಗಿ ಒತ್ತಿದ. ಗುರುತು ಬೀಳಲಿಲ್ಲ.

"ಗಟ್ಟಿಯಾಗಿದೆ ಬುದ್ಧಿ."

"ಹಾಗಾದರೆ ನಾಳೆ ಬೆಳಗ್ಗೆಯಿಂದ ಕೆಲಸ."

ಬೆಳಗ್ಗೆ ಬುದ್ಧಿ ರಿಪೇರಿ ಸಾಮಾನಿನ ಒಂದು ಹಳೇ ತಗಡಿನ ಪೆಟ್ಟಿಗೆ ತಂದು ವ್ಯಾನಿನ ಮೆಟ್ಟಿಲ ಮೇಲಿಟ್ಟರು. ತಾವು ಒಂದು ಕಲ್ಲಿನ ಮೇಲೆ ಕೂತರು. ಅಲ್ಲಿಂದ ಏಳಲಿಲ್ಲ.

"ಮೊದಲು ನೂಲು ತೆಗೆ. ಚಿಮುಟದಲ್ಲಿ. ಬರದಿದ್ದರೆ ಎಳೆಯಬೇಡ, ಅಲ್ಲೇ ಕತ್ತರಿಸು."

ಕೊಟ್ರೇಶ ನೂಲು ತೆಗೆದ.

"ಉಪ್ಪುಕಾಗದ ನೀರಲ್ಲಿ ಅದ್ದು. ಎದ್ದಿರೋದನ್ನ ಮಾತ್ರ ಉಜ್ಜು. ಸುತ್ತಲಿರೋದು ನಿನಗೇನೂ ಮಾಡಿಲ್ಲ."

ಕೊಟ್ರೇಶ ಉಜ್ಜಿದ. ಒರಟು ಕಾಗದ ಮುಗಿದ ಮೇಲೆ ನಯವಾದದ್ದು, ಅದಾದ ಮೇಲೆ ಇನ್ನೂ ನಯವಾದದ್ದು. ಬೆರಳು ನೆನೆದು ಸುಕ್ಕಾಯಿತು. ಎದ್ದಿದ್ದ ಏಣುಗಳು ಇಳಿದವು, ಹೆಬ್ಬೆಟ್ಟಿನ ಕುಳಿ ಉಳಿಯಿತು. ಪೆಟ್ಟಿಗೆಯಲ್ಲಿದ್ದ ಎರಡು ಟ್ಯೂಬಿನ ಅಂಟನ್ನು ಸಮ ಬೆರೆಸಿ ಕುಳಿ ತುಂಬಿ ನೋಡಿದ. ಒಣಗಿದ ಮೇಲೆ ನೋಡಿದರೆ ಜಾಗ ಸಮವಾಗಿತ್ತು, ಆದರೆ ಬೋಳು. ಸುತ್ತಲಿನ ಸುಕ್ಕಿನ ನಡುವೆ ಗಾಜಿನ ಚೂರು ಅಂಟಿಸಿದ ಹಾಗಿತ್ತು.

"ಬಣ್ಣ ಹೊಡೆದರೆ ಮುಚ್ಚಿಹೋಗುತ್ತದೆ ಅಲ್ಲವೇ?" ಎಂದ.

"ಬಣ್ಣ ಮುಚ್ಚುತ್ತದೆ. ಸುಕ್ಕು ತರುವುದಿಲ್ಲ."

"ಸುಕ್ಕು ಹೇಗೆ ತರುವುದು? ಪೇಟೆಯಲ್ಲಿ ಅದರ ಅಚ್ಚು ಸಿಗುತ್ತದೆಯೇ?"

"ಸಿಗುತ್ತದೆ. ಬೇರೆ ಗಾಡಿಯದು."

ಕೊಟ್ರೇಶ ಯೋಚಿಸಿದ. ಬುದ್ಧಿ ಪೆಟ್ಟಿಗೆಯಿಂದ, ಎಂಜಿನ್ನಿನ ಸಂದಿಗೆ ಹಚ್ಚುವ ಸಿಲಿಕಾನ್ ಟ್ಯೂಬು ತೆಗೆದು ಅವನ ಕಡೆ ಎಸೆದರು.

"ಹಾಳಾಗದ ಜಾಗ ಒಂದು ಹುಡುಕು. ಸಾಬೂನು ನೀರು ತೆಳ್ಳಗೆ ಸವರಿ, ಮೇಲೆ ಇದನ್ನು ಮೆತ್ತು. ನಾಳೆ ಬಿಡಿಸಿದರೆ ಅಲ್ಲಿಯ ಸುಕ್ಕೆಲ್ಲ ಇದರಲ್ಲಿ ಬಂದಿರುತ್ತದೆ. ಆಮೇಲೆ ಇಲ್ಲಿ ಹೊಸ ಅಂಟು ತೆಳ್ಳಗೆ ಹಾಕು. ಅದು ಪೂರ್ತಿ ಬಿಗಿಯುವ ಮೊದಲು ಅಚ್ಚನ್ನು ಒತ್ತು."

ಕೊಟ್ರೇಶ ಡ್ಯಾಶ್‌ಬೋರ್ಡಿನ ನಟ್ಟನಡುವಿನ, ಎಲ್ಲಕ್ಕಿಂತ ಹೊಳೆಯುವ ಜಾಗಕ್ಕೆ ಕೈಯಿಟ್ಟ.

"ಅಲ್ಲಿ ಸುಕ್ಕು ದೊಡ್ಡದು. ಇಲ್ಲಿಗೆ ಹೊಂದಲ್ಲ. ಹತ್ತಿರ ಹುಡುಕು."

ಹುಡುಕುತ್ತ ಹುಡುಕುತ್ತ ಅವನ ಬೆರಳು ಗಾಯದ ಪಕ್ಕದಲ್ಲೇ, ಒಂದು ಗೇಣು ಆಚೆ, ನಿಂತಿತು. ಅದೇ ಸಣ್ಣ ಸುಕ್ಕು. ಬುದ್ಧಿ ಮಜ್ಜಿಗೆಯಲ್ಲಿ ಒರೆಸಿದ್ದ ಜಾಗ. ಓಬಯ್ಯನ ತೆಳ್ಳನೆಯ ಗೆರೆ ಇದ್ದ ಜಾಗ.

ಅಲ್ಲಿಗೇ ಸಿಲಿಕಾನ್ ಮೆತ್ತಿದ.

ಕೈ ತೊಳೆದು ಬಂದು ಬುದ್ಧಿಯ ಕಾಲ ಬಳಿ ಕೂತ. ಬುದ್ಧಿ ನೀರಿನ ಕಡೆ ನೋಡುತ್ತ ಕೇಳಿದರು.

"ನೀನು ಈ ಆಶ್ರಮಕ್ಕೆ ಮೊದಲ ಸಲ ಬಂದದ್ದು ಯಾವುದರಲ್ಲಿ?"

"ಇದೇ ವ್ಯಾನಿನಲ್ಲಿ ಬುದ್ಧಿ. ಬಸ್ ಸ್ಟ್ಯಾಂಡಿನಿಂದ."

"ಕರೆತಂದವರು ಯಾರು?"

ಕೊಟ್ರೇಶ ತಡೆದ. "ಓಬಯ್ಯನವರು."

"ಎಲ್ಲಿ ಕೂತಿದ್ದೆ?"

"ಮುಂದೆ. ಅವರ ಪಕ್ಕ. ಮನೆ ಬಿಟ್ಟು ಬಂದಿದ್ದೆ, ಯಾರ ಹತ್ತಿರವೂ ಮಾತು ಬೇಕಿರಲಿಲ್ಲ. ಅವರು ಏನೂ ಕೇಳಲಿಲ್ಲ. ‘ತಮ್ಮಾ, ಹಸಿವಾಗಿರಬೇಕು’ ಅಂತ ಹೇಳಿ ಜೇಬಿನಿಂದ..."

ಅವನು ಅರ್ಧಕ್ಕೇ ನಿಲ್ಲಿಸಿದ. ನಿಧಾನವಾಗಿ ಬುದ್ಧಿಯ ಮುಖ ನೋಡಿದ.

"ಶೇಂಗಾ ಕೊಟ್ಟರು," ಎಂದ.

"ಗೊತ್ತು. ಆವತ್ತು ಗಾಡಿಯ ತುಂಬ ಸಿಪ್ಪೆ. ಸೀಟಿನ ಮೇಲೆ, ಸೀಟಿನ ಕೆಳಗೆ, ಗೇರಿನ ಸಂದಿಯಲ್ಲಿ. ನೀನು ಒಳಗೆ ಊಟಕ್ಕೆ ಕೂತಿದ್ದೆ. ಓಬಯ್ಯ ಪೊರಕೆ ತಂದು ಗುಡಿಸುತ್ತಿದ್ದ."

"ಏನಾದರೂ ಅಂದರೇ?"

"‘ಹುಡುಗ ಹೊಟ್ಟೆ ತುಂಬ ತಿಂದ’ ಅಂದ."



ಮರುದಿನ ಅಚ್ಚು ಬಿಡಿಸಿದರೆ ಅದರ ಹೊಟ್ಟೆಯಲ್ಲಿ ಸುಕ್ಕುಗಳೆಲ್ಲ ಬಂದಿದ್ದವು. ಕೊಟ್ರೇಶ ಹೊಸ ಅಂಟು ಬಳಿದ. ಅಚ್ಚಿಗೆ ಸಾಬೂನು ನೀರು ಸವರಿ, ಉಸಿರು ಬಿಗಿಹಿಡಿದು ಒತ್ತಿದ.

"ಜೋರಾಗಿ ಬೇಡ," ಎಂದರು ಬುದ್ಧಿ, ಕೂತಲ್ಲಿಂದಲೇ. "ಅದಕ್ಕೆ ತನ್ನ ಆಕಾರ ಗೊತ್ತು."

ಅಂಟು ಪೂರ್ತಿ ಬಿಗಿದ ಮೇಲೆ ಕಪ್ಪು ಬಣ್ಣವನ್ನು ತೆಳ್ಳಗೆ, ಒಂದು ಒಣಗಿದ ಮೇಲೆ ಇನ್ನೊಂದರಂತೆ ಹಚ್ಚಿದ. ಎದುರಿನಿಂದ ನೋಡಿದರೆ ಗಾಯ ಎಲ್ಲಿತ್ತೆಂದು ತಿಳಿಯುತ್ತಿರಲಿಲ್ಲ. ಪಕ್ಕದಿಂದ ಬಿಸಿಲು ಬಿದ್ದಾಗ ಸ್ವಲ್ಪ ತಿಳಿಯುತ್ತಿತ್ತು. ಹಳೆಯ ಕೊಟ್ರೇಶನಾಗಿದ್ದರೆ ಅದನ್ನು ಮತ್ತೆ ಕಿತ್ತು ಮಾಡುತ್ತಿದ್ದ. ಈಗ ಅಷ್ಟಕ್ಕೇ ಬಿಟ್ಟು ಎದ್ದ.

ಅಂದು ಇಳಿಹೊತ್ತಿಗೆ ನದಿ ದಾಟಿದ. ಕೈಯಲ್ಲಿ ಹಣ್ಣಿರಲಿಲ್ಲ. ಖಾನೆಯಲ್ಲಿದ್ದ ಹಿತ್ತಾಳೆಯ ಡಬ್ಬಿ ಮತ್ತು ಹೊಸದಾಗಿ ತಂದ ಎಲೆ ಇದ್ದವು.

ಓಬಯ್ಯ ಅಂಗಳದಲ್ಲೇ ಇದ್ದ. ಶೇಂಗಾ ರಾಶಿಯೂ ಇತ್ತು.

ಕೊಟ್ರೇಶ ಕೇಳದೆ ನೆಲದ ಮೇಲೆ ಕೂತ. ಒಂದು ಹಿಡಿ ಶೇಂಗಾ ಎಳೆದುಕೊಂಡು ಬಿಡಿಸತೊಡಗಿದ. ಓಬಯ್ಯ ನೋಡಿದ, ಮತ್ತೆ ಬಿಡಿಸತೊಡಗಿದ. ಬೀಜ ಒಂದು ಕಡೆ, ಸಿಪ್ಪೆ ಒಂದು ಕಡೆ. ರಾಶಿ ಸ್ವಲ್ಪ ಕರಗಿತು.

"ಓಬಣ್ಣ," ಎಂದ ಕೊಟ್ರೇಶ.

ಓಬಯ್ಯನ ಕೈ ನಿಂತಿತು. ಈ ಹುಡುಗನ ಬಾಯಲ್ಲಿ ಅವನು ಯಾವತ್ತೂ ಅಣ್ಣನಾಗಿರಲಿಲ್ಲ.

"ಹನುಮಕ್ಕನಿಗೆ ಎಲೆ ಮಡಿಸಿ ಕೊಟ್ಟೆ. ಬಾಯಿ ಸುಟ್ಟಿತು. ಸುಣ್ಣ ಎಷ್ಟು ಹಚ್ಚಬೇಕು ಅಂತ ನನಗೆ ಗೊತ್ತಿಲ್ಲ. ತೋರಿಸಿಕೊಡು."

ಓಬಯ್ಯ ಅವನನ್ನೇ ದಿಟ್ಟಿಸಿದ.

"ಉಗಿದಳಾ?"

"ಉಗಿದರು. ‘ನನ್ನ ಬಾಯೇನು ಗೋಡೆನಾ’ ಅಂದರು."

ಓಬಯ್ಯ ತಡೆಯಲು ನೋಡಿದ. ಆಗಲಿಲ್ಲ. ನಕ್ಕೇ ಬಿಟ್ಟ. ಹಲ್ಲುಗಳು ತೊಳೆದಿಟ್ಟ ಹಾಗೆ ಬೆಳ್ಳಗಿದ್ದವು. ಕೊಟ್ರೇಶ ಈ ಸಲ ನೋಡಿದ. ನೋಡಿ ಅವನ ಕಣ್ಣು ತುಂಬಿತು.

"ನಿನ್ನ ಬಾಯಿ ಶುದ್ಧ ಇಲ್ಲ ಅಂದೆ, ಓಬಣ್ಣ. ನೋಡದೇ ಅಂದೆ."

ಅವನು ಮುಂದೆ ಏನೂ ಸೇರಿಸಲಿಲ್ಲ. ಆಶ್ರಮದ ಮಾತು, ಶಿಸ್ತಿನ ಮಾತು ಯಾವುದೂ ಬರಲಿಲ್ಲ.

ಓಬಯ್ಯ ಟವೆಲಿಗೆ ಕೈ ಒರೆಸಿಕೊಂಡ. ಡಬ್ಬಿ ತೆಗೆದ. ತೋರುಬೆರಳ ತುದಿಯನ್ನು ಸುಣ್ಣಕ್ಕೆ ತಾಗಿಸಿಯೂ ತಾಗಿಸದ ಹಾಗೆ ಎತ್ತಿದ.

"ಇಷ್ಟು. ಕಂಡರೆ ಜಾಸ್ತಿ ಆಯ್ತು ಅಂತ ಲೆಕ್ಕ. ತಿಳೀತಾ, ತಮ್ಮಾ?"

"ತಿಳೀತು."

"ತಿಳೀಲಿಲ್ಲ. ನಿನ್ನ ಕೈ ಭಾರ. ನಿನ್ನ ಕೈಗೆ ಬಿಟ್ರೆ ಆ ಮುದುಕಿ ಬಾಯಿ ಉಳಿಯಲ್ಲ." ಓಬಯ್ಯ ಡಬ್ಬಿ ಮುಚ್ಚಿ ಅಂಗಿಯ ಜೇಬಿಗೆ ಹಾಕಿಕೊಂಡ. "ಮಂಗಳವಾರ ಎಷ್ಟು ಹೊತ್ತಿಗೆ ಹೊರಡೋದು? ಅದೇ ಹೊತ್ತಿಗಾ?"

"ಅದೇ ಹೊತ್ತಿಗೆ."

ಮಂಗಳವಾರ ಬೆಳಗ್ಗೆ ಪ್ರಾರ್ಥನೆಗೆ ಎಲ್ಲರೂ ಕೂತರು. ಬುದ್ಧಿ ಶುರು ಮಾಡಲಿಲ್ಲ. ಹಿಂದಿನ ಸಾಲಿನ ಕಡೆ ನೋಡುತ್ತ ಕಾದರು. ಕೊಟ್ರೇಶನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಅವನೇ ಹೇಳಿಸಿದ. ಯಾರ ಪಂಚೆಯ ಮಡಿಕೆ ಹೇಗಿತ್ತೋ, ಅವತ್ತು ಅವನಿಗೆ ತಿಳಿಯಲಿಲ್ಲ.

ಹೊರಗೆ ಓಬಯ್ಯ ವ್ಯಾನು ಹತ್ತಿ ಕೂತಿದ್ದ. ಡ್ಯಾಶ್‌ಬೋರ್ಡಿನ ಮೂಲೆಯ ಮೇಲೆ ಅಂಗೈ ಆಡಿಸಿದ. ಒಂದು ಕಡೆ ಬೆರಳು ನಿಂತಿತು.

"ಇಲ್ಲೇನಾಗಿತ್ತು?"

"ಥಿನ್ನರ್ ಹಾಕಿದ್ದೆ."

"ಸುಣ್ಣಕ್ಕಾ?"

"ಹ್ಞೂಂ."

"ಅಯ್ಯೋ ತಮ್ಮಾ!" ಎಂದ ಓಬಯ್ಯ. ಮತ್ತೊಮ್ಮೆ ಬೆರಳಾಡಿಸಿದ. "ಸುಕ್ಕು ಹೆಂಗೆ ತಂದೆ?"

"ಪಕ್ಕದಿಂದ ತೆಗೆದುಕೊಂಡೆ."

ಹನುಮಕ್ಕ ಒಳಗಿಂದಲೇ ಕೂಗಿದಳು. "ಓಬಣ್ಣ, ಹೊರಡಪ್ಪ! ಮರಿದೇವ್ರು ಮನಸ್ಸು ಬದಲಾಯಿಸಿ ತಾವೇ ಹತ್ತಿಬಿಟ್ಟಾರು!"

ವ್ಯಾನು ಹೊರಟಿತು. ಗೇಟಿನ ಹತ್ತಿರದ ಉಬ್ಬು ಬರುವ ಮೊದಲೇ "ಅಕ್ಕಾ, ಹಿಡ್ಕೋ" ಎಂಬ ಮಾತು ಕೇಳಿಸಿತು.

ಧೂಳು ಇಳಿದ ಮೇಲೆ ಕೊಟ್ರೇಶ ವ್ಯಾನು ನಿಲ್ಲಿಸುವ ಶೆಡ್ಡಿಗೆ ಹೋದ. ಥಿನ್ನರ್ ಡಬ್ಬಿ ಎತ್ತಿಕೊಂಡು ತಿಪ್ಪೆಯ ಕಡೆ ನಡೆದ. ದಾರಿಯಲ್ಲಿ ಬುದ್ಧಿ ಎದುರಾದರು.

"ಎಲ್ಲಿಗೆ?"

"ಇದನ್ನು ಬಿಸಾಡಿ ಬರುತ್ತೇನೆ ಬುದ್ಧಿ. ಇನ್ನು ಮೇಲೆ ನಾನು ಯಾರ ತಪ್ಪನ್ನೂ ಎತ್ತಿ ಆಡುವುದಿಲ್ಲ. ಏನು ಕಂಡರೂ ಸುಮ್ಮನಿರುತ್ತೇನೆ."

ಬುದ್ಧಿ ಅವನ ಕೈಯಿಂದ ಡಬ್ಬಿ ತೆಗೆದುಕೊಂಡರು. ಅಲ್ಲಾಡಿಸಿ ನೋಡಿದರು. ಇನ್ನೂ ಅರ್ಧದಷ್ಟು ಇತ್ತು. ಮುಚ್ಚಳ ಸಡಿಲವಾಗಿತ್ತು, ಬಿಗಿಯಾಗಿ ತಿರುಗಿಸಿದರು. ಡಬ್ಬಿಯನ್ನು ಮತ್ತೆ ಅವನ ಕೈಗೇ ಇಟ್ಟು, ಆಶ್ರಮದ ಬಾಗಿಲ ಕಡೆ ಕೈ ತೋರಿಸಿದರು.

"ಗೇಟು ಇನ್ನೂ ಅರ್ಧ ಉಳಿದಿದೆಯಲ್ಲಪ್ಪಾ."